ಮೂರನೆಯ ಭಾಗದ ಕೊನೆಯ ಹಾಳೆಗಳು

ನಮ್ಮ ಮನೆಯಲ್ಲಿ ಪತ್ತೇದಾರಿ ಕಾದಂಬರಿಯನ್ನು ಕೊನೆಯ ಪುಟದಿಂದ ಓದಲು ಶುರು ಮಾಡುತ್ತಿದ್ದವರು ಪದ್ದತ್ತೆ ಒಬ್ಬರೇ. ಕೊಲೆಗಾರನ ಹೆಸರನ್ನು ಮೊದಲು ತಿಳಿದುಕೊಂಡು, ಆಮೇಲೆ ಒಂದನೇ ಪುಟಕ್ಕೆ ಬಂದು, ಅವನಾಡುವ ಒಂದೊಂದು ಮಾತಿಗೂ ತಲೆಯಾಡಿಸುತ್ತ, ನೋಡು ಹೇಗೆ ಸುಳ್ಳು ಹೇಳ್ತಾನೆ ಎಂದು ತಮ್ಮಷ್ಟಕ್ಕೇ ಅಂದುಕೊಳ್ಳುತ್ತಿದ್ದರು. ಹಾಗೆ ಓದಿದರೆ ರುಚಿ ಕೆಡುವುದಿಲ್ಲವೇ ಎಂದು ನಾನೊಮ್ಮೆ ಕೇಳಿದೆ. ಕಳ್ಳ ಯಾರೆಂದು ಕೊನೆಗೆ ಗೊತ್ತಾಗಿ ಏನು ಬಂತು, ಅಷ್ಟರಲ್ಲಿ ಮನೆ ಬರಿದಾಗಿರುತ್ತದೆ ಎಂದರು. ಅಪ್ಪನ ಅಕ್ಕ ಅವರು. ಅವರ ಗಂಡನದು ಊರೂರು ತಿರುಗುವ ಕೆಲಸ. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಒಂದು ದಿನ ಒಗೆಯಲು ಹಾಕುವ ಮುಂಚೆ ಗಂಡನ ಕೋಟಿನ ಜೇಬು ತಡಕಿದಾಗ ದಾವಣಗೆರೆಯ ಔಷಧಿ ಅಂಗಡಿಯ ಚೀಟಿಯೊಂದು ಸಿಕ್ಕಿತು, ಎಳೆಕೂಸಿಗೆ ಕುಡಿಸುವ ಗ್ರೈಪ್ ವಾಟರಿನದು. ಅತ್ತೆ ಏನೂ ಕೇಳಲಿಲ್ಲ, ಅಳಲಿಲ್ಲ. ಒಬ್ಬರೇ ಬಸ್ಸು ಹತ್ತಿ ದಾವಣಗೆರೆಗೆ ಹೋಗಿ, ಆ ಅಂಗಡಿಯಲ್ಲಿ ವಿಚಾರಿಸಿ, ಒಂದು ಮನೆಯ ಎದುರು ಅರ್ಧ ದಿನ ನಿಂತು, ನೋಡಬೇಕಾದುದನ್ನು ನೋಡಿಕೊಂಡು, ನೆಟ್ಟಗೆ ನಮ್ಮ ಮನೆಗೆ ಬಂದರು. ನಾನಾಗ ತೊಟ್ಟಿಲ ಕೂಸು. ನನಗೆ ಬುದ್ಧಿ ಬರುವ ಹೊತ್ತಿಗೆ ಅವರು ನಮ್ಮ ಮನೆಯ ಕಂಬದಷ್ಟೇ ಹಳಬರಾಗಿದ್ದರು.

ಯಶವಂತಪುರದ ಹಳೇ ಊರಿನ ಕಡೆ, ರೈಲ್ವೆ ಸ್ಟೇಷನ್ನಿಗೆ ಕೂಗಳತೆಯ ದೂರದಲ್ಲಿತ್ತು ಮನೆ. ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ಮೂರು ಕೋಣೆ. ಮುಂಬಾಗಿಲಲ್ಲಿ ನಿಂತರೆ ಹಿತ್ತಲಿನ ಒಗೆಯುವ ಕಲ್ಲು ಕಾಣುತ್ತಿತ್ತು. ಅಂಥ ಮನೆಯಲ್ಲಿ ಗುಟ್ಟು ಇಟ್ಟುಕೊಳ್ಳಲು ಜಾಗವೆಲ್ಲಿ ಎಂದು ಯಾರಿಗಾದರೂ ಅನ್ನಿಸಬೇಕು. ಆದರೂ ನಮ್ಮಲ್ಲಿ ಎಲ್ಲದರ ಮೇಲೂ ಅನುಮಾನವಿತ್ತು. ಅಪ್ಪ ತುಮಕೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದರು. ದಿನವಿಡೀ ನಟ್ಟು ಬೋಲ್ಟು ಕಾಯುವ ಕೆಲಸ. ಮನೆಗೆ ಬಂದ ಮೇಲೂ ಆ ಕಣ್ಣು ಮುಚ್ಚುತ್ತಿರಲಿಲ್ಲ. ಹಾಲಿನವನ ಪಾತ್ರೆಯನ್ನು ಬಗ್ಗಿಸಿ ನೋಡುವುದು, ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗುವುದು, ಯಾರಾದರೂ ಹೊಗಳಿದರೆ ಇವನಿಗೇನು ಬೇಕಾಗಿದೆಯೋ ಎಂದು ಅವರು ಹೋದ ಮೇಲೆ ಯೋಚಿಸುತ್ತ ಕೂರುವುದು. ಇವರಿಬ್ಬರ ನಡುವೆ ಬೆಳೆದ ನಾನು ಹತ್ತು ಹನ್ನೊಂದರ ವಯಸ್ಸಿಗೆ, ನಲ್ಲಿಯ ಹತ್ತಿರ ಯಾರು ಯಾರ ಮುಖ ನೋಡದೆ ನೀರು ಹಿಡಿಯುತ್ತಾರೆ ಎಂಬುದನ್ನು ಗಮನಿಸಿ ಅತ್ತೆಗೆ ವರದಿ ಒಪ್ಪಿಸುವವಳಾಗಿದ್ದೆ. ಅತ್ತೆ ಕೇಳಿ, ಬೆನ್ನು ತಟ್ಟಿ, ನಿನಗೆ ಕಣ್ಣಿದೆ ಎನ್ನುತ್ತಿದ್ದರು. ನನಗೆ ಸಿಕ್ಕ ಮೊದಲ ಬಹುಮಾನ ಆ ಮಾತು.

ಭಾನುವಾರ ಮಧ್ಯಾಹ್ನ ಮುದ್ದೆ ಬಸ್ಸಾರಿನ ಊಟವಾದ ಮೇಲೆ ನಡುಕೋಣೆಯಲ್ಲಿ ಕಾದಂಬರಿಗಳ ವಿಚಾರಣೆ ನಡೆಯುತ್ತಿತ್ತು. ಬೇರೆ ಮನೆಗಳಲ್ಲಿ ಆ ಹೊತ್ತಿಗೆ ನಿದ್ದೆ ಮಾಡುತ್ತಿದ್ದರು, ನಮ್ಮಲ್ಲಿ ಜಗಳ. ಆ ವಾರ ಓದಿದ್ದರ ಬಗ್ಗೆ ಎಲ್ಲರೂ ಹೇಳಬೇಕು. ಅಪ್ಪ ಐತಿಹಾಸಿಕ ಕಾದಂಬರಿಗಳನ್ನು ಮಾತ್ರ ಓದುತ್ತಿದ್ದರು, ಅದೂ ತಪ್ಪು ಹಿಡಿಯಲು. ಹೊಯ್ಸಳರ ಅರಮನೆಯ ಅಡುಗೆಯವನು ಸಾರಿಗೆ ಹಸಿಮೆಣಸಿನಕಾಯಿ ಸೀಳಿ ಹಾಕಿದನೆಂದು ಒಬ್ಬ ಲೇಖಕ ಬರೆದಿದ್ದಕ್ಕೆ, ಆ ಕಾಲಕ್ಕೆ ಮೆಣಸಿನಕಾಯಿ ಈ ದೇಶಕ್ಕೇ ಬಂದಿರಲಿಲ್ಲ ಎಂದು ಎರಡು ಭಾನುವಾರ ಅದನ್ನೇ ಅರೆದರು. ಅತ್ತೆಗೆ ರಾಜರಾಣಿಯರ ಕಥೆ ಸೇರದು, ಸತ್ತವರ ಸುಳ್ಳು ಕಟ್ಟಿಕೊಂಡು ನಮಗೇನು ಎನ್ನುವರು. ಅಮ್ಮ ಎರಡನ್ನೂ ಓದುತ್ತಿದ್ದಳು, ಎಲ್ಲರಿಗಿಂತ ಹೆಚ್ಚು ಓದುತ್ತಿದ್ದಳು. ಆದರೆ ಅವಳ ಸರದಿ ಬಂದಾಗ ಮೊರದಲ್ಲಿನ ಅಕ್ಕಿಯಿಂದ ಕಣ್ಣೆತ್ತದೆ ಒಂದೆರಡು ಮಾತು ಹೇಳಿ ಮುಗಿಸುವಳು. ಅಷ್ಟರಲ್ಲೇ ಅಪ್ಪ ನಕ್ಕು, ನಿಂಗೆ ಬೇಗ ಅಳು ಬರತ್ತೆ ಬಿಡು ಎಂದೋ, ಅತ್ತೆ, ಇವಳಿಗೆ ಎಲ್ಲರೂ ಒಳ್ಳೆಯವರೇ ಎಂದೋ ಅಡ್ಡ ಬರುವರು. ಅಮ್ಮನಿಗೆ ಹೇಳಲು ಹೆಚ್ಚೇನೂ ಇಲ್ಲವೆಂದೇ ನಾನು ತಿಳಿದಿದ್ದೆ.

ಪುಸ್ತಕಗಳು ಬರುತ್ತಿದ್ದುದು ಮಾರುಕಟ್ಟೆ ರಸ್ತೆಯ ಸುಬ್ಬಣ್ಣನವರ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ. ಸೈಕಲ್ ಶಾಪಿನ ಪಕ್ಕದ ಒಂದು ಇಕ್ಕಟ್ಟಾದ ಕೋಣೆ. ಗೋಡೆ ತುಂಬ ಖಾಕಿ ಕಾಗದದ ಹೊದಿಕೆ ಹಾಕಿ ನಂಬರು ಅಂಟಿಸಿದ ಪುಸ್ತಕಗಳು. ಸುಬ್ಬಣ್ಣ ಒಬ್ಬರಿಗೇ ಯಾವ ನಂಬರಿನಲ್ಲಿ ಯಾವ ಕಥೆ ಎಂಬುದು ಗೊತ್ತು. ಹೆಂಗಸರು ಅಲ್ಲಿಗೆ ಬರುತ್ತಿದ್ದುದು ಕಡಿಮೆ. ನಮ್ಮ ಮನೆಯಿಂದ ವಾರಕ್ಕೆರಡು ಸಲ ಬಟ್ಟೆಯ ಚೀಲ ಹಿಡಿದು ನಾನೇ ಹೋಗುತ್ತಿದ್ದೆ. ಅಮ್ಮ ಬೇಕಾದುದನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದಳು. ಆರನೇ ಕ್ಲಾಸಿನಲ್ಲಿದ್ದ ಆ ವರ್ಷ ಚೀಟಿಯಲ್ಲಿ ಒಂದು ನಂಬರು ಪದೇ ಪದೇ ಬರುವುದನ್ನು ಗಮನಿಸಿದೆ. ಅದು ಪಾಳೆಯಗಾರರ ಕಾಲದ ಒಂದು ಕೋಟೆಯ ಕಥೆ, ದಪ್ಪ ಪುಸ್ತಕ, ಮೂರನೆಯ ಭಾಗ. ಮೊದಲ ಎರಡು ಭಾಗಗಳನ್ನು ಯಾರೋ ಒಯ್ದು ವಾಪಸು ಕೊಟ್ಟಿರಲಿಲ್ಲವಾದ್ದರಿಂದ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಅಂಥದನ್ನು ಅಮ್ಮ ಮೂರು ವಾರಕ್ಕೊಮ್ಮೆ ತರಿಸುತ್ತಿದ್ದಳು. ಐದನೇ ಸಲ ತಂದಾಗ ಇದನ್ನು ಓದಿ ಆಗಿದೆಯಲ್ಲ ಎಂದು ಕೇಳಿದೆ. ಮರೆತುಹೋಗಿದೆ ಎಂದಳು. ಅಮ್ಮ ಏನನ್ನೂ ಮರೆಯುವವಳಲ್ಲ. ಅವಳು ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಾಗ ನಾನು ಬೀರುವಿನಿಂದ ಆ ಪುಸ್ತಕ ತೆಗೆದು, ಅತ್ತೆಯ ಪದ್ಧತಿಯಂತೆ, ಕೊನೆಯಿಂದ ಬಿಡಿಸಿದೆ.

ಕಥೆ ಮುಗಿದ ಮೇಲೆ ಏಳೆಂಟು ಖಾಲಿ ಹಾಳೆಗಳಿದ್ದವು. ಈಗ ಅವು ಖಾಲಿಯಾಗಿರಲಿಲ್ಲ. ಅಂಚಿನಿಂದ ಅಂಚಿನವರೆಗೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು, ಎರಡು ಕೈಬರಹ. ಒಂದು ಅಮ್ಮನದು, ಗುಂಡಗೆ, ಅಕ್ಕಿ ಹಪ್ಪಳದ ಹಾಗೆ. ಇನ್ನೊಂದು ನೆಟ್ಟಗೆ, ಒತ್ತಿ ಬರೆದದ್ದು, ಪ್ರತಿ ಸಲ ಕೊನೆಯಲ್ಲಿ ‘ಹ’ ಎಂಬ ಒಂದೇ ಅಕ್ಷರ. ಕೋಟೆಯ ಕಥೆಯ ಸೇನಾಪತಿ ಸತ್ತಾಗ ನನಗೆ ಅಳು ಬರಲಿಲ್ಲ, ಅಷ್ಟು ಒಳ್ಳೆಯವನು ಯಾವ ಊರಿನಲ್ಲೂ ಇರುವುದಿಲ್ಲ ಎಂದು ‘ಹ’ ಬರೆದಿತ್ತು. ನನಗೆ ಬಂತು, ಆದರೆ ಅವನಿಗಾಗಿ ಅಲ್ಲ, ಅವನ ಕುದುರೆಗಾಗಿ ಎಂದು ಅಮ್ಮ. ಐದು ತಿಂಗಳು ಕೋಟೆಗೆ ಮುತ್ತಿಗೆ ಹಾಕಿದ್ದಾರೆ, ಒಳಗಿದ್ದವರು ಏನು ತಿಂದರೆಂದು ಒಂದು ಸಾಲಿಲ್ಲ, ಈ ಲೇಖಕರಿಗೆ ಅಡುಗೆಮನೆ ಯಾವ ದಿಕ್ಕಿಗಿದೆಯೋ ಗೊತ್ತಿಲ್ಲ ಎಂದು ಮತ್ತೆ ಅಮ್ಮ. ಹೊಸದಾಗಿ ಬಂದಿದ್ದ ಲಾಡ್ಜಿನ ಕೊಲೆಯ ಕಾದಂಬರಿಯ ಬಗ್ಗೆ, ಡಾಕ್ಟರೇ ಕೊಲೆಗಾರನೆಂದು ಅರವತ್ತನೇ ಪುಟಕ್ಕೇ ತಿಳಿಯಿತು, ಅವನೊಬ್ಬನೇ ಎಲ್ಲರ ಜೊತೆ ನಯವಾಗಿ ಮಾತಾಡುತ್ತಾನೆ ಎಂದು ‘ಹ’. ಅದರ ಕೆಳಗೆ ಅಮ್ಮ, ನಯವಾಗಿ ಮಾತಾಡುವವರೇ ಕೊಲೆಗಾರರಾದರೆ ನಮ್ಮ ಮನೆಯಲ್ಲಿ ಯಾರ ಮೇಲೂ ಅನುಮಾನಪಡುವ ಹಾಗಿಲ್ಲ ಎಂದು ಬರೆದಿದ್ದಳು. ನನ್ನ ಅಮ್ಮ ಹೀಗೆ ಮಾತಾಡಬಲ್ಲಳು ಎಂಬುದೇ ನನಗೆ ಗೊತ್ತಿರಲಿಲ್ಲ. ಮುಂದೊಂದು ಕಡೆ ಅಮ್ಮನ ಅಕ್ಷರದಲ್ಲಿ, ಇದನ್ನೆಲ್ಲ ಹೇಳಿಕೊಳ್ಳಲು ನನಗೆ ಮನೆಯಲ್ಲಿ ಯಾರೂ ಇಲ್ಲ, ನೀವು ಬರೆದದ್ದು ಓದುವ ದಿನ ನನಗೆ ಹಬ್ಬ ಎಂದಿತ್ತು. ನಾನಿದ್ದೆನಲ್ಲ ಮನೆಯಲ್ಲಿ. ಆ ಹೊಟ್ಟೆಕಿಚ್ಚಿಗೆ ಆಗ ನನಗೆ ಹೆಸರು ಗೊತ್ತಿರಲಿಲ್ಲ, ಅದನ್ನು ಅನುಮಾನವೆಂದೇ ತಿಳಿದೆ.

‘ಹ’ ಗಂಡಸೆಂಬುದರಲ್ಲಿ ನನಗೆ ಎರಡನೇ ಯೋಚನೆಯೇ ಬರಲಿಲ್ಲ. ಪತ್ತೇದಾರಿ ಕಾದಂಬರಿಗಳಲ್ಲಿ ಗುಟ್ಟಾಗಿ ಬರೆಯುವವರೆಲ್ಲ ಗಂಡಸರೇ. ನಮ್ಮ ಶಾಲೆಯ ಕನ್ನಡ ಮೇಷ್ಟ್ರ ಹೆಸರು ಹನುಮಂತರಾಯಪ್ಪ. ಅವರನ್ನು ಸುಬ್ಬಣ್ಣನವರ ಲೈಬ್ರರಿಯಲ್ಲಿ ಎರಡು ಸಲ ನೋಡಿದ್ದೆ. ನನ್ನ ಪ್ರಬಂಧದ ನೋಟ್‌ಬುಕ್ಕಿನಲ್ಲಿ ಅವರು ಕೆಂಪು ಶಾಯಿಯಲ್ಲಿ ಬರೆದಿದ್ದ ‘ಹಸ್ತಾಕ್ಷರ ಸುಧಾರಿಸಲಿ’ ಎಂಬ ಮಾತನ್ನು ಪುಸ್ತಕದ ಪಕ್ಕ ಇಟ್ಟು ನೋಡಿದೆ. ಅದೇ ‘ಹ’ ಅನ್ನಿಸಿತು. ಅನ್ನಿಸಬೇಕೆಂದು ನೋಡಿದರೆ ಯಾವುದು ತಾನೇ ಅನ್ನಿಸದು? ಮಾರನೆಯ ದಿನದಿಂದ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಬಾಯಿ ಬಿಗಿದು ನಿಲ್ಲುತ್ತಿದ್ದೆ. ಆ ಬಡಪಾಯಿ ಹುಷಾರಿಲ್ಲವೇನಮ್ಮ ಎಂದು ವಿಚಾರಿಸಿಕೊಂಡರು. ನಯವಾಗಿ ಮಾತಾಡುತ್ತಾರೆ, ಇವರೇ ಎಂದುಕೊಂಡೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವಳು, ಅಮ್ಮ ಹಿಟ್ಟಿನ ಗಿರಣಿಗೆ ಹೋಗಿದ್ದ ಹೊತ್ತು ನೋಡಿ, ಪುಸ್ತಕವನ್ನೂ ನೋಟ್‌ಬುಕ್ಕನ್ನೂ ಅತ್ತೆಯ ತೊಡೆಯ ಮೇಲಿಟ್ಟೆ. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ಓದಿದರು. ಬೆನ್ನು ತಟ್ಟುತ್ತಾರೆಂದು ಕಾದೆ. ಅವರ ಮುಖ ಬಿಳಿಚಿಕೊಂಡಿತ್ತು. ಯಾರಿಗೂ ಹೇಳಬೇಡ, ನಾನು ನೋಡಿಕೊಳ್ಳುತ್ತೇನೆ ಎಂದಷ್ಟೇ ಹೇಳಿ ಪುಸ್ತಕವನ್ನು ತಮ್ಮ ಹಾಸಿಗೆಯ ಸುರುಳಿಯೊಳಗೆ ಸೇರಿಸಿದರು. ಅವರ ಕಣ್ಣಿಗೆ ಬಿದ್ದದ್ದು ಅಮ್ಮನ ಬರಹವಲ್ಲ, ಮತ್ತೊಂದು ಔಷಧಿ ಅಂಗಡಿಯ ಚೀಟಿ ಎಂದು ಈಗ ನನಗೆ ಅರ್ಥವಾಗುತ್ತದೆ.

ಮರುದಿನ ಊಟವಾಯಿತು. ಅಪ್ಪ ಈಜಿಚೇರಿನಲ್ಲಿ ಕೂತು ಅಡಿಕೆ ಬಾಯಿಗೆ ಹಾಕಿಕೊಂಡು, ಈ ವಾರ ಯಾರು ಏನು ಓದಿದಿರಿ ಎಂದು ಎಂದಿನಂತೆ ಶುರು ಮಾಡಿದರು. ಅತ್ತೆ ಮೊದಲು ತಮ್ಮದು ಹೇಳುವುದಾಗಿ ಅಂದರು. ಹೊಸ ಕಾದಂಬರಿಯಂತೆ. ಗಂಡ ಕಾರ್ಖಾನೆಗೆ ಹೋಗುತ್ತಾನೆ, ಹೆಂಡತಿ ಮನೆಯಲ್ಲಿ ಓದಿಕೊಂಡಿರುತ್ತಾಳೆ. ಎಲ್ಲರೂ ಅವಳನ್ನು ಬಾಯಿಲ್ಲದವಳು ಅಂದುಕೊಂಡಿರುತ್ತಾರೆ. ಅವಳು ಒಂದು ಪುಸ್ತಕದ ಹಿಂದೆ ಯಾರಿಗೋ ಬರೆಯುತ್ತಾಳೆ, ಅವನು ಅದೇ ಪುಸ್ತಕದಲ್ಲಿ ಉತ್ತರ ಬರೆಯುತ್ತಾನೆ. ಚೀಲ ಹೊತ್ತು ತಂದುಕೊಡುವುದು ಹೊಟ್ಟೆಯಲ್ಲಿ ಹುಟ್ಟಿದ ಮಗಳೇ. ಅಪ್ಪ, ಪರವಾಗಿಲ್ಲ, ಒಳ್ಳೇ ಉಪಾಯ, ಲೇಖಕರು ಯಾರು ಎಂದರು. ನಾನು ಅಮ್ಮನನ್ನು ನೋಡುತ್ತಿದ್ದೆ. ಮೊರದಲ್ಲಿ ಓಡಾಡುತ್ತಿದ್ದ ಬೆರಳುಗಳು ನಿಂತಿದ್ದವು. ಅವಳು ಅತ್ತೆಯನ್ನು ನೋಡಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟ ಒಂದೇ ಗಳಿಗೆ ಇತ್ತು, ಆಮೇಲೆ ಅತ್ತೆಯ ಕಡೆ ತಿರುಗಿದಳು.

“ಆ ಕಾದಂಬರಿ ಪೂರ್ತಿ ಓದಿದ್ರಾ ಅಕ್ಕ?”

“ಓದೋದೇನಿದೆ ಶಾರದಾ? ಎಲ್ಲಾ ಕೊನೇಲೇ ಬರ್ದಿದೆ.”

“ನೀವು ಕೊನೇ ಪುಟ ಒಂದನ್ನೇ ಓದಿ ಜನ ಹಿಂಗೇ ಅಂತ ಹೇಳ್ಬಿಡ್ತೀರಿ. ನಿಮ್ಮ ಯಜಮಾನ್ರ ವಿಷ್ಯದಲ್ಲಿ ಅದು ಸರಿಹೋಯ್ತು. ಎಲ್ಲಾರ ವಿಷ್ಯದಲ್ಲೂ ಸರಿಹೋಗಲ್ಲ.”

ಆ ಹೆಸರೆತ್ತದ ಮನುಷ್ಯನ ಮಾತು ನಮ್ಮ ಮನೆಯಲ್ಲಿ ಅದಕ್ಕೆ ಮುಂಚೆ ಯಾರೂ ಆಡಿರಲಿಲ್ಲ. ಅತ್ತೆ ಎದ್ದುಹೋಗಿ ಪುಸ್ತಕ ತಂದು ಅಪ್ಪನ ತೊಡೆಯ ಮೇಲೆ ಹಾಕಿದರು. ಅಪ್ಪ ಸ್ಟೋರಿಗೆ ಬಂದ ಸಾಮಾನು ನೋಡುವ ಹಾಗೆ, ಬೆರಳಿಟ್ಟು, ಸಾಲು ಬಿಡದೆ ಓದಿದರು. ನಯವಾಗಿ ಮಾತಾಡುವವರ ಸಾಲಿಗೆ ಬಂದಾಗ ಬೆರಳು ನಿಂತಿತು. ಹಬ್ಬದ ಸಾಲಿನಲ್ಲಿ ಇನ್ನೂ ಹೆಚ್ಚು ಹೊತ್ತು ನಿಂತಿತು. ಯಾರಿದು ಎಂದು ಕೇಳಿದರು. ಗೊತ್ತಿಲ್ಲ ಎಂದಳು ಅಮ್ಮ. ಗಂಡಸೋ ಹೆಂಗಸೋ ಎಂದರು. ಅದೂ ಗೊತ್ತಿಲ್ಲವಂತೆ. ಇಷ್ಟು ದಿನದಿಂದ ಬರೆಯುತ್ತಿದ್ದೀಯ, ಕೇಳಲಿಲ್ಲವೇ ಎಂದರು.

“ಕೇಳಿದ್ರೆ ನಾನೂ ಹೇಳ್ಬೇಕಾಗತ್ತೆ. ಹೆಸರು ಆಯ್ತು ಅಂದ್ರೆ ಮನೆ ಎಲ್ಲಿ, ಯಾವ ಜನ, ಯಜಮಾನ್ರಿಗೇನ್ ಕೆಲಸ. ಆಮೇಲೆ ಪುಸ್ತಕದ ಮಾತು ಎಲ್ಲಿ ಉಳಿಯತ್ತೆ?”

ಇದನ್ನು ನಮ್ಮಲ್ಲಿ ಯಾರೂ ನಂಬಲಿಲ್ಲ. ನಾನಂತೂ ನಂಬಲಿಲ್ಲ. ಅತ್ತೆ ಹನುಮಂತರಾಯಪ್ಪ ಮೇಷ್ಟ್ರ ಹೆಸರು ಹೇಳಿ ನನ್ನ ನೋಟ್‌ಬುಕ್ಕನ್ನೂ ಮುಂದಿಟ್ಟರು. ಅಪ್ಪ ಅದನ್ನೂ ನೋಡಿದರು. ಆದರೆ ಸ್ಟೋರಿನಲ್ಲಿ ಕೆಲಸ ಮಾಡಿದವರಾದ್ದರಿಂದ ಮೇಷ್ಟ್ರ ಮನೆಗೆ ಹೊರಡದೆ, ಮೊದಲು ರಿಜಿಸ್ಟರ್ ನೋಡಬೇಕು ಎಂದರು. ಈ ಒಂದು ಅಭ್ಯಾಸ ನನ್ನ ಮೇಷ್ಟ್ರ ಮಾನ ಉಳಿಸಿತು. ಷರಟು ಹಾಕಿಕೊಂಡು, ಪುಸ್ತಕ ಕಂಕುಳಲ್ಲಿಟ್ಟುಕೊಂಡು, ನನ್ನನ್ನೂ ಬಾ ಎಂದರು. ಹೊರಡುವಾಗ ಅಮ್ಮ ಮತ್ತೆ ಅಕ್ಕಿಗೆ ಕೈ ಹಾಕಿದ್ದಳು. ಒಂದು ಕಲ್ಲು ತೆಗೆದು ಬಾಗಿಲಾಚೆ ಎಸೆದಳು.

ಸುಬ್ಬಣ್ಣ ರಿಜಿಸ್ಟರ್ ಕೊಡಲು ಮೊದಲು ಹಿಂದೆಮುಂದೆ ನೋಡಿದರು. ಅಪ್ಪ ಕೊನೆಯ ಹಾಳೆಗಳನ್ನು ಬಿಡಿಸಿ ತೋರಿಸಿದ ಮೇಲೆ, ಅಯ್ಯೋ ಶಿವನೇ ಎಂದು ತಾವೇ ಪುಟ ತಿರುವಿದರು. ಆ ಪುಸ್ತಕವನ್ನು ಒಯ್ದಿದ್ದವರು ಎರಡೇ ಮನೆಯವರು. ಒಂದು ನಮ್ಮ ನಂಬರು. ಇನ್ನೊಂದು, ಮಸೀದಿ ಹಿಂದಿನ ಬೀದಿಯಲ್ಲಿ ತಗಡಿನ ಟ್ರಂಕು ಮಾಡುವ ಅಬ್ದುಲ್ ಹಮೀದ್ ಎಂಬವರದು. ಹಮೀದ್ ಎಂಬ ಹೆಸರಿನ ‘ಹ’ದ ಮೇಲೆ ಅಪ್ಪನ ಬೆರಳು ನಿಂತಿತು. ಅವರ ಕಿವಿ ಕೆಂಪಾಗುವುದನ್ನು ನಾನು ನೋಡಿದೆ. ಅವರೇ ಬಂದು ತಗೊಂಡು ಹೋಗ್ತಾರಾ ಎಂದು ಅಪ್ಪ ಕೇಳಿದರು. ಹೌದು, ಅವರೇ ಬರ್ತಾರೆ, ವಾರವಾರ ಬರ್ತಾರೆ ಎಂದರು ಸುಬ್ಬಣ್ಣ. ಅಲ್ಲಿಂದ ಮಸೀದಿ ಬೀದಿಗೆ ಹತ್ತು ನಿಮಿಷದ ದಾರಿ. ನನ್ನ ಊಹೆ ತಪ್ಪಿದ್ದಕ್ಕೆ ನನಗೆ ಅವಮಾನ, ಮುಂದೇನಾಗುತ್ತದೋ ಎಂಬ ಹೆದರಿಕೆ, ಅವೆರಡರ ಅಡಿಯಲ್ಲಿ, ಹೇಳಲು ನಾಚಿಕೆಯಾಗುತ್ತದೆ, ಒಂದು ಬಗೆಯ ಖುಷಿ. ಇದೀಗ ನಿಜವಾದ ಕಾದಂಬರಿ ಎಂದು ನನ್ನೊಳಗೆ ಏನೋ ಹಲ್ಲು ಕಿರಿಯುತ್ತಿತ್ತು.

ಬೀದಿಯ ತುದಿಗೇ ಸುತ್ತಿಗೆಯ ಸದ್ದು ಕೇಳಿಸುತ್ತಿತ್ತು. ಹಮೀದ್ ನೆಲದ ಮೇಲೆ ಕೂತು ತಗಡಿನ ಅಂಚು ಮಡಿಸುತ್ತಿದ್ದರು. ಐವತ್ತು ದಾಟಿದ ಆಳು, ತೋಳಿನ ತುಂಬ ಗೀರಿದ ಗಾಯದ ಗುರುತು. ಗಿರಾಕಿಗಳೆಂದುಕೊಂಡು ಬನ್ನಿ ಸಾರ್ ಎಂದು ಎದ್ದರು. ಅಪ್ಪ ಪುಸ್ತಕ ಮುಂದೆ ಹಿಡಿದು, ಇದು ನಿಮ್ಮ ಬರಹವೇ ಎಂದು ಕೇಳಿದರು. ದನಿ ಗಟ್ಟಿಯಾಗಿತ್ತು. ಹಮೀದ್ ಸುತ್ತಿಗೆಯಿಲ್ಲದ ಕೈಯನ್ನು ಒರೆಸಿಕೊಂಡು, ಪುಸ್ತಕ ಇಸಕೊಂಡು ಹಾಳೆಯನ್ನು ನೋಡಿದರು. ಅವರು ಅದನ್ನು ತಲೆಕೆಳಗಾಗಿ ಹಿಡಿದಿದ್ದರು.

“ನಂಗೆ ಕನ್ನಡ ಮಾತಾಡಕ್ಕೆ ಬರ್ತದೆ ಸಾರ್, ಓದಕ್ಕೆ ಬರಲ್ಲ. ಲೈಬ್ರರಿಗೆ ನಾನು ಹೋಗೋದು ಮನೇನವ್ರಿಗೆ. ಅವಳು ಚೀಟಿ ಕೊಡ್ತಾಳೆ, ನಾನು ಚೀಲ ತರ್ತೀನಿ.” ಅಷ್ಟು ಹೇಳಿ ಅವರು ಹಾಳೆಯನ್ನು ಇನ್ನಷ್ಟು ಹತ್ತಿರ ಹಿಡಿದರು. ಎರಡು ಬಗೆಯ ಕೈಬರಹವಿರುವುದು ಓದಲು ಬಾರದವರಿಗೂ ಕಾಣುವಂತಿತ್ತು. ಪುಸ್ತಕವನ್ನು ಒಮ್ಮೆ, ಅಪ್ಪನನ್ನು ಒಮ್ಮೆ ನೋಡಿದರು. ಅವರ ಕಣ್ಣು ಬದಲಾದದ್ದು ನನಗೆ ತಿಳಿಯಿತು. ಆ ನೋಟವನ್ನು ನಾನು ಮಧ್ಯಾಹ್ನವಷ್ಟೇ ನಮ್ಮ ಮನೆಯಲ್ಲಿ ಕಂಡಿದ್ದೆ.

“ಇದು ನಮ್ ಮನೇನವ್ಳು ಬರ್ದಿರೋದು. ಸರಿ. ಈ ಇನ್ನೊಂದು ಯಾರು ಸಾರ್? ನೀವಾ?”

ಟ್ರಂಕು ಕೊಳ್ಳಲು ಬಂದಿದ್ದ ಇಬ್ಬರು ಬಂದ ಕೆಲಸ ಬಿಟ್ಟು ಇತ್ತ ನೋಡತೊಡಗಿದರು. ಕೇಳಲು ಬಂದಿದ್ದ ಅಪ್ಪ ಈಗ ಹೇಳಬೇಕಾದವರಾಗಿ ನಿಂತಿದ್ದರು. ಅಲ್ಲ, ನಾನಲ್ಲ ಎಂದರು. ಮತ್ಯಾರು ಎಂದರು ಹಮೀದ್, ಸುತ್ತಿಗೆ ಇನ್ನೂ ಅವರ ಕೈಯಲ್ಲೇ ಇತ್ತು. ನನ್ನ ಹೆಂಡ್ತಿ ಎಂದು ಅಪ್ಪ ಮೆಲ್ಲಗೆ ಹೇಳಿದರು. ಹಮೀದರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಹೆಂಡತಿ ಬರೆದದ್ದಕ್ಕೆ ಗಂಡ ಯಾಕೆ ಇಷ್ಟು ದೂರ ಬರುತ್ತಾನೆ? ಅಪ್ಪ ನನ್ನನ್ನು ಮುಂದಕ್ಕೆ ದೂಡಿ, ಹೇಳು ನಾಗು, ಇದು ಯಾರ ಅಕ್ಷರ ಎಂದರು. ಅಮ್ಮಂದು ಎಂದೆ. ಹಮೀದ್ ಒಳಗೆ ತಿರುಗಿ ಕೂಗಿದರು. ಅಂಗಡಿಯ ಹಿಂದೆಯೇ ಮನೆ. ಕನ್ನಡಕ ಹಾಕಿದ್ದ, ಅಮ್ಮನಿಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರಾದ ಹೆಂಗಸೊಬ್ಬರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಹಾಜಿರಾ ಅವರ ಹೆಸರು. ಶಿರಾ ಕಡೆಯ ಹಳ್ಳಿಯೊಂದರಲ್ಲಿ ಅವರ ತಂದೆ ಕನ್ನಡ ಶಾಲೆಯ ಮೇಷ್ಟ್ರಾಗಿದ್ದರೆಂದು ಆಮೇಲೆ ತಿಳಿಯಿತು. ಗಂಡ ಉರ್ದುವಿನಲ್ಲಿ ಏನೋ ಕೇಳಿದರು, ಇವರು ಏನೋ ಹೇಳಿದರು, ಅವರು ಮತ್ತೆ ಕೇಳಿದರು. ಭಾಷೆ ಬಾರದಿದ್ದರೂ ಅದು ನಮ್ಮ ಮನೆಯಲ್ಲಿ ಆದ ಮಾತುಕತೆಯೇ ಎಂದು ಗೊತ್ತಾಗುತ್ತಿತ್ತು. ಯಾರೆಂದು ಗೊತ್ತಿಲ್ಲ, ಕೇಳಲಿಲ್ಲ. ಕೊನೆಗೆ ಹಾಜಿರಾ ಅಪ್ಪನ ಕಡೆ ತಿರುಗಿದರು.

“ಹೆಂಗಸು ಅಂತ ನಂಗೆ ಮುತ್ತಿಗೆ ವಿಷ್ಯ ಬರ್ದಾಗ್ಲೇ ಗೊತ್ತಾಯ್ತು ಅಣ್ಣ. ಒಳಗಿದ್ದೋರು ಏನ್ ತಿಂದ್ರು ಅಂತ ಗಂಡಸ್ರು ಕೇಳಲ್ಲ.”

ಹಮೀದ್ ಸುತ್ತಿಗೆ ಕೆಳಗಿಟ್ಟರು. ಇಷ್ಟು ದಿನ ತಾವೇ ಈ ಕಾಗದಗಳನ್ನು ಹೊತ್ತು ತಿರುಗಿದ್ದು ಅವರಿಗೆ ಆಗ ಹೊಳೆದಿರಬೇಕು, ಗಟ್ಟಿಯಾಗಿ ನಕ್ಕುಬಿಟ್ಟರು. ಚಾ ಕುಡಿದು ಹೋಗಿ ಸಾರ್ ಎಂದರು. ಅಪ್ಪನಿಗೆ ನಗಲಾಗಲಿಲ್ಲ. ಬೇಡ, ಹೊತ್ತಾಯಿತು ಎಂದು ಹಾಜಿರಾ ಅವರ ಕೈಯಲ್ಲಿದ್ದ ಪುಸ್ತಕಕ್ಕೆ ಕೈ ಚಾಚಿದರು. ಹಾಜಿರಾ ಒಂದು ಗಳಿಗೆ ಅದನ್ನು ಬಿಡದೆ ಹಿಡಿದಿದ್ದರು. ನಿಮ್ಮ ಮನೆಯವರಿಗೆ ನನ್ನಿಂದ ತೊಂದರೆಯಾಯಿತೇನೋ ಎಂದು ಕೇಳಿದರು. ಅಪ್ಪ ಪುಸ್ತಕ ಎಳೆದುಕೊಂಡು ಬೀದಿಗಿಳಿದರು.

ಅಷ್ಟಕ್ಕೇ ಮುಗಿದಿದ್ದರೆ ಇದು ನಗುತ್ತ ಹೇಳಿಕೊಳ್ಳುವ ಕಥೆಯಾಗುತ್ತಿತ್ತು. ವಾಪಸು ಬರುವಾಗ ಅಪ್ಪ ಪುಸ್ತಕವನ್ನು ಲೈಬ್ರರಿಗೆ ಕೊಟ್ಟುಬಿಡೋಣ ಎಂದರು. ಇಬ್ಬರೂ ಹೆಂಗಸರೇ ಎಂದು ಕೇಳಿಯೂ ಸುಬ್ಬಣ್ಣನವರ ಹೆದರಿಕೆ ಇಳಿಯಲಿಲ್ಲ. ಇವತ್ತು ಹೆಂಗಸರು, ನಾಳೆ ಇನ್ಯಾರೋ. ಒಂದು ಸುದ್ದಿ ಹಬ್ಬಿದರೆ ಯಾವ ಮನೆಯವರೂ ಇಲ್ಲಿಂದ ಪುಸ್ತಕ ಒಯ್ಯುವುದಿಲ್ಲ ಎಂದು ಗೊಣಗುತ್ತ, ಬ್ಲೇಡು ತೆಗೆದು, ಬರೆದಿದ್ದ ಹಾಳೆಗಳನ್ನೆಲ್ಲ ಬುಡಕ್ಕೆ ಕತ್ತರಿಸಿದರು. ಅಪ್ಪ ನೋಡುತ್ತ ನಿಂತಿದ್ದರು. ಬೇಡ ಎನ್ನಲು ಬಾಯಿ ತೆರೆದ ಹಾಗೆ ಕಂಡಿತು, ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಸುಬ್ಬಣ್ಣ ಹಾಳೆಗಳನ್ನು ಚೂರು ಚೂರು ಮಾಡಿ ಎದುರಿನ ಮೋರಿಗೆ ಹಾಕಿದರು. ಅಮ್ಮನ ಗುಂಡನೆಯ ಅಕ್ಷರಗಳು ಸೈಕಲ್ ಶಾಪಿನ ಎಣ್ಣೆ ನೀರಿನಲ್ಲಿ ತೇಲಿಕೊಂಡು ಹೋದವು.

ಮನೆಗೆ ಬಂದಾಗ ಇನ್ನೂ ದೀಪ ಹಚ್ಚಿರಲಿಲ್ಲ. ಅಪ್ಪ ಚಪ್ಪಲಿ ಬಿಡುತ್ತಲೇ, ಹೆಂಗಸಂತೆ, ಟ್ರಂಕಿನ ಹಮೀದರ ಮನೆಯವರು ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದರು. ಹೆಂಗಸಾದರೇನು, ಗುಟ್ಟು ಗುಟ್ಟೇ ಎಂದು ಅತ್ತೆ ಅಂದರು, ಆದರೆ ದನಿಯಲ್ಲಿ ಕಸುವಿರಲಿಲ್ಲ. ಅಮ್ಮ ಪುಸ್ತಕ ಎಲ್ಲಿ ಎಂದಳು. ಕೊಟ್ಟುಬಂದೆ ಎಂದರು ಅಪ್ಪ. ಹಾಳೆಗಳು ಎಂದಳು. ಅಪ್ಪ ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನೇ ಹೇಳಬೇಕಾಯಿತು. ಮೋರಿ ಎಂಬ ಪದ ಬಾಯಿಂದ ಹೊರಟಾಗ ಅಮ್ಮ ಹೊಡೆಯುತ್ತಾಳೆಂದು ಭುಜ ಕುಗ್ಗಿಸಿದೆ. ಹೊಡೆಯಲಿಲ್ಲ, ಬೈಯಲಿಲ್ಲ. ನೀನು ಯಾಕೆ ಹೇಳಿದೆ ಎಂದೂ ಕೇಳಲಿಲ್ಲ. ಕೇಳಿದ್ದರೆ ಅತ್ತಾದರೂ ಹಗುರಾಗುತ್ತಿದ್ದೆ. ಎಂದಿನಂತೆ ತಲೆ ಬಾಚಿ ಜಡೆ ಹೆಣೆದಳು, ಎಂದಿನಂತೆ ಉಣ್ಣಲು ಬಡಿಸಿದಳು.

ಆ ಗುರುವಾರ ಮಧ್ಯಾಹ್ನ ಅಮ್ಮ ಇಸ್ತ್ರಿ ಸೀರೆ ಉಟ್ಟು, ಒಂದು ಡಬ್ಬಿಯಲ್ಲಿ ಕೋಡುಬಳೆ ತುಂಬಿಕೊಂಡು, ಹಾಜಿರಾ ಅವರ ಮನೆಗೆ ಹೋಗಿ ಬರುತ್ತೇನೆ ಎಂದಳು. ಕೇಳಿದ್ದಲ್ಲ, ಹೇಳಿದ್ದು. ಅಪ್ಪನಿಗೆ ಸಂಜೆ ತಿಳಿದಾಗ ಹ್ಞೂಂ ಎಂದರು. ಮೊದಲ ಭೇಟಿಯಲ್ಲಿ ಇಬ್ಬರೂ ಮಕ್ಕಳು, ಮೊಣಕಾಲು ನೋವು, ಸೀಮೆಎಣ್ಣೆ ಎಂದು ಮಾತಾಡಿ ಎದ್ದರಂತೆ. ಎರಡನೆಯ ಸಲವೂ ಅಷ್ಟೇ. ಅಮ್ಮ ಹೆದರಿದ್ದ ಹಾಗೆಯೇ ಆಯಿತೆಂದು ನನಗೆ ಅನ್ನಿಸುತ್ತಿತ್ತು. ಅವಳು ಸಪ್ಪೆ ಮುಖ ಹಾಕಿಕೊಂಡು ಬಂದು ಸೀರೆ ಮಡಿಸಿಡುತ್ತಿದ್ದಳು. ನಾಲ್ಕನೆಯ ಗುರುವಾರವೋ ಐದನೆಯದೋ, ಬಂದವಳ ಕೆನ್ನೆ ಕೆಂಪಗಿತ್ತು. ಒಲೆ ಹಚ್ಚುತ್ತ, ಆ ವಾರದ ಕಾದಂಬರಿಯ ಬಗ್ಗೆ, ಆ ಕವಿಯೇ ಗೂಢಚಾರ ಅಂತ ಒಪ್ಪೋದೇ ಇಲ್ಲ ಅಂತಾರಲ್ಲ, ಎಂಥ ಹಟ ಎಂದು ತನ್ನೊಳಗೇ ಜಗಳವಾಡುತ್ತಿದ್ದಳು. ಅಲ್ಲಿಂದ ಮುಂದೆ ಗುರುವಾರಗಳು ತಪ್ಪಲಿಲ್ಲ. ಅತ್ತೆ ಎಂದೂ ಕ್ಷಮೆ ಕೇಳಿದವರಲ್ಲ. ಆದರೆ ಗುರುವಾರದ ಸಂಜೆಯ ಅಡುಗೆಯನ್ನು ಯಾರೂ ಹೇಳದೆ ತಾವೇ ವಹಿಸಿಕೊಂಡರು. ಅಮ್ಮ ಕತ್ತಲಾಗುವವರೆಗೂ ಬಾರದಿದ್ದರೆ ಅಪ್ಪನಿಗೆ, ಬರ್ತಾಳೆ ಬಿಡೋ, ಕಾದಂಬರಿ ದೊಡ್ಡದಿರಬೇಕು ಎನ್ನುತ್ತಿದ್ದರು. ನಮ್ಮ ಭಾನುವಾರದ ವಿಚಾರಣೆ ಮಾತ್ರ ನಿಧಾನವಾಗಿ ನಿಂತುಹೋಯಿತು. ಯಾರೂ ನಿಲ್ಲಿಸಲಿಲ್ಲ. ಅಪ್ಪ ಶುರು ಮಾಡುವುದನ್ನು ಬಿಟ್ಟರು, ಅಷ್ಟೇ.

ನಾನು ಬರುತ್ತೇನೆಂದ ಮೊದಲ ಗುರುವಾರ ಅಮ್ಮ ಬಾಗಿಲಲ್ಲಿ ನಿಂತು, ಸಿಟ್ಟಿಲ್ಲದೆ, ನೀನು ಬೇಡ ಎಂದಳು. ಯಾಕೆ ಎಂದೆ. ನಾವು ಅಲ್ಲಿ ಮಾತಾಡೋದಿರತ್ತೆ ಎಂದಳು. ಏಳನೇ ಕ್ಲಾಸಿನಲ್ಲಿ ಕೇಳಿದೆ, ಎಂಟರಲ್ಲಿ ಕೇಳಿದೆ, ಆಮೇಲೆ ಕೇಳುವುದನ್ನು ಬಿಟ್ಟೆ. ನಾನು ಕೋಣೆಗೆ ಕಾಲಿಟ್ಟರೆ ಅಮ್ಮ ಓದುತ್ತಿದ್ದ ಪುಸ್ತಕವನ್ನು ಮುಚ್ಚುತ್ತಿದ್ದಳು, ಬೇಕೆಂದಲ್ಲ, ಬಿಸಿಗೆ ಕೈ ಹಿಂದೆಗೆಯುವ ಹಾಗೆ. ಯಾರನ್ನೂ ನಂಬಬಾರದೆಂದು ಕಲಿತು ದೊಡ್ಡವಳಾದ ನನ್ನನ್ನೂ ಒಬ್ಬರು ನಂಬದಿರಬಹುದು, ಅದು ಹೀಗಿರುತ್ತದೆ ಎಂಬುದನ್ನು ಆ ವರ್ಷಗಳಲ್ಲಿ ದಿನಕ್ಕೆ ನಾಲ್ಕಾರು ಸಲ ನೋಡಿದೆ. ಪಕ್ಕದ ಮನೆಯವರ ಸುದ್ದಿ ಅತ್ತೆಗೆ ಒಪ್ಪಿಸುವುದು ತಾನಾಗಿಯೇ ನಿಂತಿತು. ಹನುಮಂತರಾಯಪ್ಪ ಮೇಷ್ಟ್ರು ನಿವೃತ್ತರಾದ ದಿನ ಎಲ್ಲರಿಗಿಂತ ಹೆಚ್ಚು ಅತ್ತವಳು ನಾನು. ಯಾಕೆಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಪಿಯುಸಿಗೆ ಸೇರಿದ ವರ್ಷ, ಒಂದು ಗುರುವಾರ, ನಾನು ಓದುತ್ತ ಕೂತಿದ್ದಾಗ ಅಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತ, ಬರೋದಾದ್ರೆ ಬಾ ಎಂದಳು. ಪುಸ್ತಕ ಕೈಯಲ್ಲಿಟ್ಟುಕೊಂಡೇ ಎದ್ದೆ. ಹಾಜಿರಾ ಅವರ ಕೂದಲು ಪೂರ್ತಿ ನರೆತಿತ್ತು. ಒಳಕೋಣೆಯಲ್ಲಿ ಚಾಪೆ ಹಾಸಿ, ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಕೂತಿದ್ದರು. ನನ್ನನ್ನು ನೋಡಿ, ಇವಳೇನಾ ಎಂದು ಅಮ್ಮನನ್ನು ಕೇಳಿದರು. ಇವಳೇ ಎಂದಳು ಅಮ್ಮ. ಇಬ್ಬರ ನಡುವೆ ನನ್ನ ವಿಷಯ ಎಷ್ಟು ಸಲ ಬಂದುಹೋಗಿತ್ತೆಂದು ಆ ಎರಡು ಮಾತಿನಲ್ಲೇ ತಿಳಿಯಿತು. ಅವರು ನನ್ನ ಕೈಯಲ್ಲಿದ್ದ ಪುಸ್ತಕ ಇಸಕೊಂಡು ಹೆಸರು ನೋಡಿದರು. ವಿಜಯನಗರದ ಕೊನೆಗಾಲದ ಕಥೆ, ಆ ತಿಂಗಳು ಎಲ್ಲರೂ ಹೊಗಳುತ್ತಿದ್ದದ್ದು.

“ನಿಮ್ಮಮ್ಮಂಗೂ ನಂಗೂ ಇದು ತುಂಬ ಹಿಡಿಸ್ತು. ನಿಂಗೆ?”

ಯಾರು ಏನು ಹೇಳಿದರು, ಯಾರು ಏನು ಮುಚ್ಚಿಟ್ಟರು ಎಂಬುದನ್ನು ಹೇಳಲು ನನಗೆ ಚೆನ್ನಾಗಿ ಬರುತ್ತಿತ್ತು. ನನಗೇನನ್ನಿಸಿತು ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನನಗೆ ಹಿಡಿಸಲಿಲ್ಲ ಎಂದೆ. ಯಾಕೆಂದರು. ಅದರಲ್ಲಿ ದ್ರೋಹ ಮಾಡುವವಳು ಒಬ್ಬ ದಾಸಿ, ಅವಳು ಯಾಕೆ ಹಾಗೆ ಮಾಡಿದಳೆಂದು ಲೇಖಕರು ಒಂದು ಸಾಲೂ ಬರೆದಿಲ್ಲ, ಕೊನೆಯಲ್ಲಿ ಅವಳನ್ನು ಆನೆಯ ಕಾಲಿಗೆ ಕಟ್ಟಿಸಿ ಕಥೆ ಮುಗಿಸಿದ್ದಾರೆ, ಅವಳಿಗೂ ಏನೋ ಇದ್ದಿರಬೇಕಲ್ಲ ಎಂದೆ. ಹೇಳುತ್ತ ಹೇಳುತ್ತ ನನ್ನ ಕಣ್ಣು ತುಂಬಿಬಂತು, ಒರೆಸಿಕೊಳ್ಳಲು ನಾಚಿಕೆಯಾಗಿ ಹಾಗೇ ನಿಂತೆ. ಹಾಜಿರಾ ಪುಸ್ತಕ ಬಿಡಿಸಿದರು. ಇಲ್ಲ, ನಾನು ಒಪ್ಪಲ್ಲ, ಆ ದಾಸಿಯ ವಿಷಯ ನೂರಾ ನಲವತ್ತನೇ ಪುಟದಲ್ಲಿ ಬಂದಿದೆ, ನೀನು ಸರಿಯಾಗಿ ಓದಿಲ್ಲ ಎಂದು ಕನ್ನಡಕ ಸರಿಮಾಡಿಕೊಂಡು ಪುಟ ಹುಡುಕತೊಡಗಿದರು. ಅಮ್ಮ ಕೂತಲ್ಲೇ ಗೋಡೆಯ ಕಡೆಗೆ ಸರಿದು, ಚಾಪೆಯ ಮೇಲೆ ನನಗೆ ಜಾಗ ಬಿಟ್ಟಳು.